ಕೆಲಸವೂ ಕೆಲಸದ ಲೆಕ್ಕವೂ

ಕೆಲಸ ಮಾಡುವುದು ಒಂದು. ಮಾಡಿದ ಕೆಲಸದ ಲೆಕ್ಕವಿಡುವುದು ಇನ್ನೊಂದು. ನಾಲ್ಕು ಜನ ಕೂಡಿ ದುಡಿಯುವಲ್ಲೆಲ್ಲ ಈ ಎರಡರ ನಡುವೆ ಒಂದು ಅಂತರ ಇದ್ದೇ ಇರುತ್ತದೆ. ಮಂಡಿಯಲ್ಲಿ ಮೂಟೆ ಇಳಿದ ಹೊತ್ತಿಗೂ ಖಾತೆಪುಸ್ತಕದಲ್ಲಿ ಅದರ ಸಾಲು ಬಿದ್ದ ಹೊತ್ತಿಗೂ ನಡುವೆ ಗುಮಾಸ್ತನೊಬ್ಬ ನಡೆದಾಡುತ್ತಿರುತ್ತಾನೆ. ಈ ಗುಮಾಸ್ತನ ನಡಿಗೆಯನ್ನು ಯಂತ್ರಕ್ಕೆ ಒಪ್ಪಿಸುವ ವಿದ್ಯೆಯೊಂದು ಈಗ ತಂತ್ರಾಂಶ ಬರೆಯುವವರಲ್ಲಿ ಬಳಕೆಗೆ ಬಂದಿದೆ. ಅದರ ಸ್ವರೂಪವೇನು, ಅದಕ್ಕೆ ಒಪ್ಪಿಸಬಹುದಾದ್ದು ಯಾವುದು, ಒಪ್ಪಿಸಬಾರದ್ದು ಯಾವುದು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ದಾವಣಗೆರೆಯವರಾದ ನಮಗೆ ಇದು ದೂರದ ಮಾತಲ್ಲ. ಹತ್ತಿಗಿರಣಿಗಳಿಂದ ಹೆಸರಾದ ಈ ನಗರಕ್ಕೆ ೧೯೫೧ರಲ್ಲಿ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು ಬಂದಿತು. ೧೯೭೯ರಲ್ಲಿ ಬಾಪೂಜಿ ಇಂಜಿನಿಯರಿಂಗ್ ಕಾಲೇಜು ಬಂದಿತು. ಇಲ್ಲಿ ಕಲಿತವರಲ್ಲಿ ಅನೇಕರು ಬೆಂಗಳೂರಿನ ದಾರಿ ಹಿಡಿದರೂ, ಊರಿನ ಮನೆಯಲ್ಲಿಯೇ ಕುಳಿತು ದೂರದ ಗ್ರಾಹಕರಿಗೆ ತಂತ್ರಾಂಶ ಬರೆದುಕೊಡುವವರೂ ಈಗ ಇದ್ದಾರೆ. ಒಬ್ಬರು ದಾವಣಗೆರೆಯಲ್ಲಿ, ಇನ್ನೊಬ್ಬರು ಹರಿಹರದಲ್ಲಿ, ಕೆಲಸ ಹಂಚುವವರು ಯಾವುದೋ ಪರದೇಶದಲ್ಲಿ. ಹೀಗೆ ಮುಖ ನೋಡದೆ ಕೂಡಿ ದುಡಿಯುವವರಿಗೆ ಲೆಕ್ಕವೇ ಮುಖವಾಗುತ್ತದೆ.

ಇವರ ಮುಂದೆ ಎರಡು ಪುಸ್ತಕಗಳಿವೆಯೆನ್ನಬಹುದು. ಮೊದಲನೆಯದು ಕೆಲಸದ ಪುಸ್ತಕ. ಗಣಕಕ್ಕೆ ಕೊಡುವ ಆದೇಶಗಳ ಬರಹಕ್ಕೆ ಕೋಡ್ ಎಂದು ಹೆಸರು. ಗ್ರಂಥಸಂಪಾದಕರು ಪಾಠಾಂತರಗಳನ್ನು ಗುರುತಿಸುವಂತೆ, ಯಾರು, ಎಂದು, ಯಾವ ಸಾಲನ್ನು, ಯಾವ ಕಾರಣಕ್ಕೆ ತಿದ್ದಿದರೆಂಬುದನ್ನೆಲ್ಲ ಕಾಪಾಡುವ ಗಿಟ್ ಎಂಬ ಸಾಧನವನ್ನು ಲಿನಸ್ ಟೊರ್ವಾಲ್ಡ್ಸ್ ೨೦೦೫ರಲ್ಲಿ ರಚಿಸಿದರು. ಅಂಥ ಬರಹಗಳನ್ನು ಎಲ್ಲರಿಗೂ ಒದಗುವಂತೆ ಒಂದೆಡೆ ಇರಿಸುವ ಗಿಟ್‌ಹಬ್ ೨೦೦೮ರಲ್ಲಿ ಬಂದಿತು. ಅಲ್ಲಿ ಒಬ್ಬರು ತಮ್ಮ ತಿದ್ದುಪಡಿಯನ್ನು ಮೂಲಪ್ರತಿಗೆ ಸೇರಿಸಬೇಕೆಂದು ಕೋರಿಕೆ ಸಲ್ಲಿಸುತ್ತಾರೆ. ಸಹೋದ್ಯೋಗಿಗಳು ಅದನ್ನು ಓದಿ ಒಪ್ಪುತ್ತಾರೆ, ಇಲ್ಲವೆ ಹಿಂದಿರುಗಿಸುತ್ತಾರೆ.

ಎರಡನೆಯದು ಲೆಕ್ಕದ ಪುಸ್ತಕ. ಸಿಡ್ನಿಯ ಅಟ್ಲಾಸಿಯನ್ ಸಂಸ್ಥೆಯ ಜಿರಾ ೨೦೦೨ರಲ್ಲಿಯೂ, ಟ್ರೆಲೊ ಎಂಬುದು ೨೦೧೧ರಲ್ಲಿಯೂ ಬಂದವು. ಇಲ್ಲಿ ಪ್ರತಿಯೊಂದು ಕೆಲಸಕ್ಕೂ ಒಂದು ಚೀಟಿ, ಚೀಟಿಗೊಂದು ಗುರುತು. ಮಾಡಬೇಕಾದ್ದು, ನಡೆಯುತ್ತಿರುವುದು, ಮುಗಿದದ್ದು ಎಂಬ ಅಂಕಣಗಳಲ್ಲಿ ಆ ಚೀಟಿ ಎಡದಿಂದ ಬಲಕ್ಕೆ ಸರಿಯುತ್ತ ಹೋಗಬೇಕು.

ಸರಿಸುವವರು ಯಾರು? ತೊಡಕು ಇರುವುದು ಇಲ್ಲಿಯೇ. ನನ್ನ ಪರಿಚಯದ ತರುಣಿಯೊಬ್ಬಳು ಹಗಲೆಲ್ಲ ಬರೆದು, ಸಂಜೆಗೆ ಮಾಡಿದ್ದನ್ನೆಲ್ಲ ಇನ್ನೊಮ್ಮೆ ಚೀಟಿಗಳಲ್ಲಿ ನಮೂದಿಸುತ್ತಿದ್ದಳು. ಒಂದು ಶನಿವಾರ ರಾತ್ರಿ ಆಕೆ ದೊಡ್ಡದೊಂದು ದೋಷವನ್ನು ಸರಿಪಡಿಸಿದಳು. ಚೀಟಿ ಮಾತ್ರ ಇದ್ದಲ್ಲಿಯೇ ಉಳಿಯಿತು. ಸೋಮವಾರ ಅದೇ ಕೆಲಸ ಇನ್ನೊಬ್ಬನ ಪಾಲಿಗೆ ಹೋಗಿ, ಅವನ ಎರಡು ದಿನಗಳು ವ್ಯರ್ಥವಾದವು. ತಿಂಗಳ ಕೊನೆಯ ಗಣನೆಯಲ್ಲಿ ಆಕೆಯ ರಾತ್ರಿಯ ದುಡಿಮೆ ಎಲ್ಲಿಯೂ ಕಾಣಲಿಲ್ಲ. ಲೆಕ್ಕದಲ್ಲಿ ಇಲ್ಲದ್ದು ಆಗಿಯೇ ಇಲ್ಲವೆನ್ನುವುದು ದೂರದಿಂದ ನೋಡುವವರ ನ್ಯಾಯ.

ಎರಡು ಪುಸ್ತಕಗಳನ್ನು ಜೋಡಿಸುವುದಕ್ಕೆ ಎರಡು ಮಾರ್ಗಗಳಿವೆ. ಒಂದು, ಐದು ನಿಮಿಷಕ್ಕೊಮ್ಮೆ ಹೋಗಿ 'ಏನಾದರೂ ಆಯಿತೆ?' ಎಂದು ಕೇಳುವುದು. ಇನ್ನೊಂದು, ಆದಾಗ ತಾನಾಗಿ ಸುದ್ದಿ ಬರುವಂತೆ ಮಾಡುವುದು. ಒಂಟಿ ಹಳಿಯ ಕಾಲದ ರೈಲು ನಿಲ್ದಾಣಗಳನ್ನು ನೆನೆಯಿರಿ. ಗಾಡಿ ಒಂದು ನಿಲ್ದಾಣವನ್ನು ಬಿಟ್ಟೊಡನೆ ಮುಂದಿನ ನಿಲ್ದಾಣದಲ್ಲಿ ಗಂಟೆ ಮೊಳಗುತ್ತಿತ್ತು. ಅಲ್ಲಿನ ಮಾಸ್ತರರು ಹಳಿಯ ಮೇಲೆ ನಿಂತು ದಾರಿ ನೋಡಬೇಕಾಗಿರಲಿಲ್ಲ. ತಂತ್ರಾಂಶಗಳ ನಡುವಿನ ಇಂಥ ಗಂಟೆಗೆ ಜೆಫ್ ಲಿಂಡ್ಸೆ ಎಂಬವರು ೨೦೦೭ರಲ್ಲಿ ವೆಬ್‌ಹುಕ್ ಎಂಬ ಹೆಸರು ಕೊಟ್ಟರು.

ಗಂಟೆ ಮೊಳಗಿದ ಮೇಲೆ ಮಾಡಬೇಕಾದ್ದನ್ನು ಹಿಂದೆ ಪ್ರತಿಯೊಂದು ಕಚೇರಿಯೂ ತಾನೇ ಕೋಡ್ ಬರೆದು ಏರ್ಪಡಿಸಿಕೊಳ್ಳಬೇಕಾಗಿತ್ತು. ಈಗ ಚೌಕಗಳನ್ನು ಇಟ್ಟು ಗೆರೆಗಳಿಂದ ಜೋಡಿಸಿದರೆ ಸಾಕು. ೨೦೧೧ರ ಜೇಪಿಯರ್, ಬರ್ಲಿನ್ನಿನಲ್ಲಿ ೨೦೧೯ರಲ್ಲಿ ಹುಟ್ಟಿದ ಎನ್‌ಏಟ್‌ಎನ್, ಮೈಕ್ರೋಸಾಫ್ಟಿನ ಪವರ್ ಆಟೊಮೇಟ್, ಇವೆಲ್ಲ ಈ ಜಾತಿಯವು. ೨೦೧೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪೋಸ್ಟ್‌ಮನ್ ಸಂಸ್ಥೆಯ ಫ್ಲೋಸ್ ಕೂಡ ಇದೇ ಬಳಗದ್ದು. ಈ ರೀತಿಗೆ ಲೋ-ಕೋಡ್ ಎನ್ನುತ್ತಾರೆ. ಬರೆಯುವ ಶ್ರಮ ಕಡಿಮೆಯಾಯಿತೆಂದು ಇದರ ಅರ್ಥ. ಯೋಚಿಸುವ ಶ್ರಮ ಮೊದಲಿನಷ್ಟೇ.

ಒಂದು ಉದಾಹರಣೆ ನೋಡೋಣ. ಮೊದಲ ಚೌಕ, ಗಿಟ್‌ಹಬ್ಬಿನಿಂದ ಬರುವ ಸುದ್ದಿ: 'ಕೋರಿಕೆಯೊಂದು ಮುಚ್ಚಿತು.' ಎರಡನೆಯದು, ಷರತ್ತು. ಮುಚ್ಚಿತೆಂದರೆ ಒಪ್ಪಿ ಸೇರಿಸಿದ್ದೂ ಆಗಬಹುದು, ತಿರಸ್ಕರಿಸಿದ್ದೂ ಆಗಬಹುದು. ಎರಡಕ್ಕೂ ಬರುವ ಗಂಟೆ ಒಂದೇ. ಯಾವುದೆಂದು ಸುದ್ದಿಯ ಒಳಗೆ ಬರೆದಿರುತ್ತದೆ. ಅದನ್ನು ನೋಡದೆ ಮುಂದುವರಿದರೆ ತಿರಸ್ಕೃತವಾದ ಕೆಲಸವೂ ಮುಗಿದ ಕೆಲಸವೆನಿಸಿಬಿಡುತ್ತದೆ! ಮೂರನೆಯದು, ಕೋರಿಕೆಯ ಶೀರ್ಷಿಕೆಯಿಂದ ಚೀಟಿಯ ಗುರುತನ್ನು ಆಯ್ದುಕೊಳ್ಳುವುದು. ನಾಲ್ಕನೆಯದು, ಜಿರಾದಲ್ಲಿ ಆ ಚೀಟಿಯನ್ನು ಮುಂದಿನ ಅಂಕಣಕ್ಕೆ ಸರಿಸಿ, ಪರೀಕ್ಷಕರಿಗೆ ತಿಳಿಸುವುದು. ಇಷ್ಟೇ. ಆದರೆ ಇದು ನಡೆಯಬೇಕಾದರೆ ಶೀರ್ಷಿಕೆಯಲ್ಲಿ ಗುರುತನ್ನು ತಪ್ಪದೆ ಬರೆಯುತ್ತೇವೆಂದು ಎಲ್ಲರೂ ಮೊದಲು ಒಪ್ಪಿರಬೇಕು. ಚೌಕಗಳಿಗಿಂತ ಮುಂಚೆ ಬೇಕಾದ್ದು ಈ ಒಡಂಬಡಿಕೆ.

ಎಚ್ಚರಿಕೆಯ ಮಾತುಗಳು ಮೂರು. ಮೊದಲನೆಯದು, ಗಂಟೆಯನ್ನು ಬೇರೆ ಯಾರಾದರೂ ಬಾರಿಸಬಹುದು. ಅದಕ್ಕಾಗಿ ಎರಡೂ ಕಡೆಯವರಿಗೆ ಮಾತ್ರ ಗೊತ್ತಿರುವ ರಹಸ್ಯಪದವೊಂದರಿಂದ ಸುದ್ದಿಗೆ ಮುದ್ರೆ ಒತ್ತಿ ಕಳಿಸುವ ಏರ್ಪಾಡಿದೆ. ಮುದ್ರೆ ಕೂಡದ ಸುದ್ದಿಯನ್ನು ಬಿಸಾಡಬೇಕು. ಎರಡನೆಯದು, ಗಂಟೆ ಕೇಳದೆ ಹೋಗಬಹುದು. ಒಮ್ಮೆ ತಲುಪದ ಸುದ್ದಿಯನ್ನು ಗಿಟ್‌ಹಬ್ ತಾನಾಗಿ ಮತ್ತೆ ಕಳಿಸುವುದಿಲ್ಲ. ಆದ್ದರಿಂದ ರಾತ್ರಿಗೊಮ್ಮೆ ಎರಡು ಪುಸ್ತಕಗಳನ್ನೂ ತಾಳೆ ನೋಡುವ ಹಳೆಯ ಪದ್ಧತಿಯನ್ನು ಬಿಡಬಾರದು.

ಮೂರನೆಯದು ಹೆಚ್ಚು ಸೂಕ್ಷ್ಮವಾದದ್ದು. ಇಲ್ಲಿ ತಿದ್ದಿದರೆ ಅಲ್ಲಿ ತಿದ್ದು, ಅಲ್ಲಿ ತಿದ್ದಿದರೆ ಇಲ್ಲಿ ತಿದ್ದು ಎಂದು ಎರಡೂ ಕಡೆಗೆ ವಿಧಿಸಿದರೆ, ಒಂದು ತಿದ್ದುಪಡಿ ಕೊನೆಯಿಲ್ಲದೆ ಅತ್ತಿಂದಿತ್ತ ಓಡಾಡತೊಡಗುತ್ತದೆ. ಹರಿಹರದ ಗುಡಿಯ ಮೂರ್ತಿಯನ್ನು ಇಲ್ಲಿ ಸ್ಮರಿಸಬಹುದು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು ೧೨೨೪ರ ಸುಮಾರಿಗೆ ಕಟ್ಟಿಸಿದ ಆ ದೇಗುಲದಲ್ಲಿ ಹರಿಯೂ ಹರನೂ ಒಂದೇ ದೇಹವಾಗಿದ್ದಾರೆ. ಆದರೂ ಹರನ ಆಯುಧ ಹರನ ಕೈಯಲ್ಲಿದೆ, ಹರಿಯ ಆಯುಧ ಹರಿಯ ಕೈಯಲ್ಲಿದೆ. ಜೋಡಣೆಯ ಮರ್ಮ ಇದು. ಕೆಲಸದ ವಿವರ ಜಿರಾದ ವಶದಲ್ಲಿರಲಿ, ಸೇರ್ಪಡೆಯ ಸುದ್ದಿ ಗಿಟ್‌ಹಬ್ಬಿನ ವಶದಲ್ಲಿರಲಿ; ಒಂದು ಸಂಗತಿಗೆ ಒಬ್ಬನೇ ಒಡೆಯನಿರಲಿ.

ಇನ್ನು ಯಂತ್ರಕ್ಕೆ ಒಪ್ಪಿಸಬಾರದ್ದರ ವಿಚಾರ. ಗಿಟ್‌ಹಬ್ಬಿನಲ್ಲಿ ಒಂದು ಅನುಕೂಲವಿದೆ. ಕೋರಿಕೆಯ ವಿವರಣೆಯಲ್ಲಿ 'ಸರಿಪಡಿಸಿದೆ' ಎಂಬರ್ಥದ ಇಂಗ್ಲಿಷ್ ಪದವನ್ನು ದೂರಿನ ಸಂಖ್ಯೆಯೊಡನೆ ಬರೆದರೆ, ತಿದ್ದುಪಡಿ ಮೂಲಪ್ರತಿಗೆ ಸೇರಿದ ಕ್ಷಣವೇ ಗಿಟ್‌ಹಬ್ಬಿನಲ್ಲಿರುವ ಆ ದೂರು ಮುಚ್ಚಿಹೋಗುತ್ತದೆ. ಆ ಕ್ಷಣದಲ್ಲಿ ದೂರು ಕೊಟ್ಟವರ ಯಂತ್ರವನ್ನು ಆ ತಿದ್ದುಪಡಿ ಮುಟ್ಟಿರುವುದೂ ಇಲ್ಲ. ಪುಸ್ತಕ ಹೇಳುತ್ತದೆ, ಮುಗಿಯಿತೆಂದು. ಗ್ರಾಹಕರು ಹೇಳುತ್ತಾರೆ, ಹಾಗೆಯೇ ಇದೆಯೆಂದು.

೧೯೪೧ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರುವಾಸಿಯಾಗಿತ್ತು. ಈ ಶತಮಾನದ ಆರಂಭದ ವೇಳೆಗೆ ಅದು ಮುಚ್ಚಿತು. ಯಂತ್ರದ ಬಿಡಿಭಾಗಗಳು ತಯಾರಾಗುವ ಯಾವುದೇ ಕಾರ್ಖಾನೆಯಲ್ಲಿ ದುಡಿದವರಿಗೆ ಒಂದು ವಿಷಯ ಗೊತ್ತು: ಜಾಬ್ ಕಾರ್ಡಿನಲ್ಲಿ ಟರ್ನರ್ ಕೆಲಸ ಮುಗಿಸಿದ್ದನ್ನು ನಮೂದಿಸುವ ಜಾಗವೇ ಬೇರೆ, ಮೈಕ್ರೋಮೀಟರ್ ಹಿಡಿದು ಅಳೆದವರು 'ಪಾಸ್' ಎಂದು ಮುದ್ರೆ ಹಾಕುವ ಜಾಗವೇ ಬೇರೆ. ಮೊದಲನೆಯದು ವರ್ತಮಾನ, ಎರಡನೆಯದು ತೀರ್ಮಾನ. ವರ್ತಮಾನವನ್ನು ಹೊತ್ತೊಯ್ಯುವುದರಲ್ಲಿ ಯಂತ್ರ ಮನುಷ್ಯನಿಗಿಂತ ಮೇಲು. ಅದು ಮರೆಯುವುದಿಲ್ಲ, ದಣಿಯುವುದಿಲ್ಲ, ಶನಿವಾರ ರಾತ್ರಿಯೆಂದು ನೋಡುವುದಿಲ್ಲ. ತೀರ್ಮಾನಕ್ಕೆ ಹೊಣೆ ಬೇಕು. ಹೊಣೆ ಹೊರುವುದಕ್ಕೆ ಒಬ್ಬ ಮನುಷ್ಯ ಬೇಕು.

ಆದ್ದರಿಂದ ಯಂತ್ರವು ಚೀಟಿಯನ್ನು 'ಪರೀಕ್ಷೆಗೆ ಸಿದ್ಧ' ಎಂಬ ಅಂಕಣದವರೆಗೆ ತಂದು ನಿಲ್ಲಿಸಲಿ. ಅಲ್ಲಿಂದ 'ಮುಗಿಯಿತು' ಎಂಬ ಅಂಕಣಕ್ಕೆ ಸರಿಸುವ ಕೈ, ಕೆಲಸವನ್ನು ಪರೀಕ್ಷಿಸಿದವರದೇ ಆಗಿರಲಿ, ಅವರ ಹೆಸರೂ ಅಲ್ಲಿ ಇರಲಿ. ಹೀಗೆ ಮಾಡಿದಲ್ಲಿ ದುಡಿದವರ ದುಡಿಮೆ ಲೆಕ್ಕಕ್ಕೆ ಬರುತ್ತದೆ. ದುಡಿಸಿಕೊಂಡವರಿಗೆ ಆ ಲೆಕ್ಕದಲ್ಲಿ ನಂಬಿಕೆಯೂ ಬರುತ್ತದೆ. ಸಂಜೆಯ ಆ ಒಂದು ಗಂಟೆಯೂ ಬರೆಯುವವರ ಪಾಲಿಗೆ ಉಳಿಯುತ್ತದೆ.