ಗಡಿಯಾಚೆ ಅಪಘಾತವಾದರೂ ಊರಲ್ಲೇ ಕೇಸು ಹಾಕಬಹುದು
ಪಾದಚಾರಿಗೆ ವಾಹನ ಬಡಿದರೆ ಮನೆಯವರು ಮಾಡಬೇಕಾದದ್ದೇನು? ಪರಿಹಾರ ಎಲ್ಲಿ, ಎಷ್ಟು?

ಕಾಸರಗೋಡು: ಬಸ್ಸಿಳಿದು ರಸ್ತೆ ದಾಟುವಾಗ ವಾಹನ ಬಡಿದರೆ ಗಡಿನಾಡಿನಲ್ಲಿ ಹೆಚ್ಚಿನವರು ಗಾಯಾಳುವನ್ನು ಎತ್ತಿಕೊಂಡು ಓಡುವುದು ಮಂಗಳೂರಿಗೆ. ಅಪಘಾತ ನಡೆದದ್ದು ಕೇರಳದಲ್ಲಿ, ಚಿಕಿತ್ಸೆ ಕರ್ನಾಟಕದಲ್ಲಿ. ಬಡಿದ ಗಾಡಿ ಕೆಎಲ್ 14 ಆಗಿರಬಹುದು, ಕೆಎ 19 ಕೂಡ ಆಗಿರಬಹುದು. 'ಕೇಸು ಎಲ್ಲಿ ಕೊಡುವುದು? ಇಲ್ಲಿಯಾ, ಅಲ್ಲಿಯಾ?' ಎಂದು ಮನೆಯವರು ಯೋಚಿಸುತ್ತಿರುವಾಗಲೇ ವಾರ ಕಳೆಯುತ್ತದೆ. ಅಷ್ಟರಲ್ಲಿ ಗಾಡಿಯವರ ಕಡೆಯವರು ಬಂದು 'ಬಿಲ್ಲು ನಾವು ನೋಡಿಕೊಳ್ಳುತ್ತೇವೆ, ಕೇಸು ಗೀಸು ಎಂತಕ್ಕೆ?' ಎನ್ನುತ್ತಾರೆ. ಕಾಗದಕ್ಕೆ ಸಹಿ ಬೀಳುತ್ತದೆ. ಆರು ತಿಂಗಳಾದ ಮೇಲೂ ಕಾಲು ಮಡಚಲು ಆಗದಿದ್ದಾಗ ಮಾತ್ರ ನಷ್ಟದ ಲೆಕ್ಕ ಗೊತ್ತಾಗುತ್ತದೆ.

ಇದಕ್ಕೆ ಕಾನೂನಿನ ಉತ್ತರ ನೇರವಾಗಿದೆ. ಅಪಘಾತ ಯಾವ ರಾಜ್ಯದಲ್ಲೇ ಆಗಿರಲಿ, ಗಾಯಾಳು ತಾನು ವಾಸಿಸುವ ಊರಿನ ನ್ಯಾಯಮಂಡಳಿಯಲ್ಲೇ ಪರಿಹಾರ ಕೇಳಬಹುದು. ಆದರೆ ಮೊದಲ ಕೆಲವು ದಿನಗಳಲ್ಲಿ ಕಾಗದಪತ್ರ ಸರಿಯಾಗಬೇಕು.

ಅಗಲವಾದ ರಸ್ತೆ, ದೂರವಾದ ದಾಟು

ರಾಷ್ಟ್ರೀಯ ಹೆದ್ದಾರಿ 66 ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರಿನಲ್ಲಿ ಆರು ಪಥವಾಗಿ ಅಗಲಗೊಂಡಿದೆ. ಮಂಜೇಶ್ವರ, ಉಪ್ಪಳ, ಕುಂಬಳೆ, ಮೊಗ್ರಾಲ್ ಎಲ್ಲವೂ ಈ ರಸ್ತೆಯ ಊರುಗಳೇ. ಮೊದಲು ನಾಲ್ಕು ಹೆಜ್ಜೆಯಲ್ಲಿ ದಾಟುತ್ತಿದ್ದ ರಸ್ತೆಯ ಆಚೆಗೆ ಈಗ ಅಂಡರ್‌ಪಾಸ್ ಅಥವಾ ಮೇಲ್ಸೇತುವೆ ಹುಡುಕಿಕೊಂಡು ಹೋಗಬೇಕು. ಶಾಲೆ, ಪಡಿತರ ಅಂಗಡಿ, ಮಸೀದಿ, ದೇವಸ್ಥಾನ ಒಂದು ಬದಿ. ಮನೆ ಇನ್ನೊಂದು ಬದಿ. ಸರ್ವಿಸ್ ರಸ್ತೆಯಲ್ಲಿ ನಡೆಯುವವರಿಗೂ ವಾಹನಗಳಿಗೂ ಇರುವುದು ಅದೇ ಜಾಗ.

2025ರ ಆಗಸ್ಟ್ 28ರಂದು ತಲಪಾಡಿಯಲ್ಲಿ ಕರ್ನಾಟಕ ಸಾರಿಗೆಯ ಬಸ್ಸು ರಿಕ್ಷಾಕ್ಕೆ ಬಡಿದು ಆರು ಮಂದಿ ಮೃತಪಟ್ಟದ್ದನ್ನು ಗಡಿನಾಡು ಮರೆತಿಲ್ಲ. ಒಂದು ರಾಜ್ಯದ ಬಸ್ಸು, ಇನ್ನೊಂದು ರಾಜ್ಯದ ನೆಲ ಎಂಬ ಪರಿಸ್ಥಿತಿ ಇಲ್ಲಿ ಅಪರೂಪವಲ್ಲ.

ದೇಶದ ಲೆಕ್ಕವೂ ಆತಂಕಕಾರಿ. 2023ರಲ್ಲಿ ಭಾರತದ ರಸ್ತೆಗಳಲ್ಲಿ 1.72 ಲಕ್ಷ ಮಂದಿ ಸತ್ತರು. ಅವರಲ್ಲಿ 35 ಸಾವಿರಕ್ಕೂ ಹೆಚ್ಚು ಮಂದಿ ಪಾದಚಾರಿಗಳು, ಅಂದರೆ ಐವರಲ್ಲಿ ಒಬ್ಬರು. ನಡೆಯಲು ಯೋಗ್ಯವಾದ ಕಾಲುದಾರಿ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು.

ಪೆಟ್ಟು ಎಲ್ಲೆಲ್ಲಿ ಬೀಳುತ್ತದೆ?

ಕಾರು ಬಡಿದಾಗ ದೊಡ್ಡವರಿಗೆ ಮೊದಲ ಪೆಟ್ಟು ಮೊಣಕಾಲು, ಕಣಕಾಲಿನ ಎಲುಬಿಗೆ. ಬಳಿಕ ಸೊಂಟ ಬಾನೆಟ್ಟಿಗೆ, ತಲೆ ಗಾಜಿಗೆ ಅಥವಾ ನೆಲಕ್ಕೆ ಬಡಿಯುತ್ತದೆ. ಮಕ್ಕಳು ಗಿಡ್ಡವಾದ್ದರಿಂದ ಮೊದಲ ಪೆಟ್ಟೇ ಎದೆಗೆ, ತಲೆಗೆ ಬೀಳಬಹುದು. ವಯಸ್ಸಾದವರಿಗೆ ಬೈಕು ಬರೇ ತಾಗಿದರೂ ಸಾಕು, ಬಿದ್ದು ಸೊಂಟದ ಎಲುಬು ಮುರಿಯುತ್ತದೆ.

ಹೊರಗೆ ರಕ್ತ ಕಾಣದ ಪೆಟ್ಟನ್ನು ಹಗುರವಾಗಿ ಕಾಣಬಾರದು. ತಲೆಗೆ ಪೆಟ್ಟಾದವರು ಮೊದಲು ಎದ್ದು ಕೂತು ಮಾತಾಡಿ, 'ಎಂತ ಆಗ್ಲಿಲ್ಲ' ಎಂದು ಮನೆಗೆ ಹೋಗಿ, ಕೆಲವು ಗಂಟೆಗಳ ನಂತರ ಪ್ರಜ್ಞೆ ತಪ್ಪುವುದುಂಟು. ತಲೆಬುರುಡೆಯ ಒಳಗೆ ರಕ್ತ ಸೇರುವುದೇ ಇದಕ್ಕೆ ಕಾರಣ. ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ತೂಕಡಿಕೆ, ಮಾತು ತೊದಲುವುದು ಕಂಡರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಸೊಂಟದ ಎಲುಬು ಒಡೆದರೆ ಹೊಟ್ಟೆಯೊಳಗೇ ರಕ್ತ ಹರಿಯಬಹುದು. ಕುತ್ತಿಗೆ, ಬೆನ್ನಿಗೆ ಪೆಟ್ಟಾಗಿದೆ ಎಂಬ ಸಂಶಯವಿದ್ದರೆ ಗಾಯಾಳುವನ್ನು ಮಡಚಿ ರಿಕ್ಷಾದೊಳಗೆ ತುರುಕಬಾರದು. ಆಂಬುಲೆನ್ಸ್‌ಗೆ 108, ಪೊಲೀಸರಿಗೆ 112.

ಸಹಾಯ ಮಾಡಿದವರು ಹೆದರಬೇಕಾಗಿಲ್ಲ. ಮೋಟಾರು ವಾಹನ ಕಾಯಿದೆಯ 134ಎ ಕಲಂ ಅವರಿಗೆ ರಕ್ಷಣೆ ಕೊಡುತ್ತದೆ. ಹೆಸರು ಹೇಳಬೇಕೆಂದು ಅವರನ್ನು ಒತ್ತಾಯಿಸುವಂತಿಲ್ಲ.

ಮೊದಲ ವಾರದಲ್ಲಿ

2025ರ ಮೇ 5ರಂದು ಜಾರಿಗೆ ಬಂದ ಕೇಂದ್ರ ಸರಕಾರದ ಯೋಜನೆಯಂತೆ ವಾಹನ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ, ಗರಿಷ್ಠ 1.5 ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆ ಸಿಗುತ್ತದೆ. ಗೊತ್ತುಪಡಿಸಿದ ಆಸ್ಪತ್ರೆ ಆಗಿರಬೇಕು, ಪೊಲೀಸರಿಂದ ಅಪಘಾತದ ದೃಢೀಕರಣವೂ ಬೇಕು. ದಾಖಲಾಗುವಾಗಲೇ 'ಈ ಯೋಜನೆಯಲ್ಲಿ ಸೇರಿಸಿ' ಎಂದು ಆಸ್ಪತ್ರೆಯವರಲ್ಲಿ ಕೇಳಿ.

ಆಸ್ಪತ್ರೆಯಲ್ಲಿ 'ಮೆಟ್ಟಿಲಿಂದ ಬಿದ್ದದ್ದು', 'ಜಾರಿ ಬಿದ್ದದ್ದು' ಎಂದು ಬರೆಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಮುಂದೆ ಕೇಸು ನಡೆಯುವಾಗ ವಿಮಾ ಕಂಪನಿಯ ವಕೀಲರು ಮೊದಲು ತೆರೆಯುವುದೇ ಆ ಪುಟವನ್ನು. ವಾಹನ ಬಡಿದು ಆದ ಗಾಯ ಎಂದು, ಸ್ಥಳ ಮತ್ತು ಸಮಯದೊಂದಿಗೆ ಬರೆಸಬೇಕು.

ಎಫ್‌ಐಆರ್ ಸಾಮಾನ್ಯವಾಗಿ ಅಪಘಾತ ನಡೆದ ಸ್ಥಳದ ಠಾಣೆಯಲ್ಲಿ ದಾಖಲಾಗುತ್ತದೆ. ಆದರೆ ಮಂಗಳೂರಿನ ಆಸ್ಪತ್ರೆಯಲ್ಲಿರುವವರು ದೂರು ಕೊಡಲು ಮಂಜೇಶ್ವರಕ್ಕೋ ಕುಂಬಳೆಗೋ ಓಡಿ ಬರಬೇಕೆಂದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು. ಅದನ್ನು 'ಜೀರೋ ಎಫ್‌ಐಆರ್' ಎನ್ನುತ್ತಾರೆ. ಅಲ್ಲಿಂದ ಅದು ಸಂಬಂಧಪಟ್ಟ ಠಾಣೆಗೆ ಹೋಗುತ್ತದೆ. ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡು ಓದಿ ಹೇಳುವುದು ಪೊಲೀಸರ ಕೆಲಸ. ಮಲಯಾಳ ಓದಲು ಬಾರದವರು 'ಬರೆದದ್ದೇನೆಂದು ತಿಳಿಸಿ ಹೇಳಿ' ಎಂದು ಕೇಳಲು ಸಂಕೋಚ ಪಡಬಾರದು. ಅರ್ಥವಾಗದೆ ಸಹಿ ಹಾಕಬಾರದು. ಎಫ್‌ಐಆರ್‌ನ ಪ್ರತಿ ಉಚಿತ.

ಚಾಲಕನ ಮೇಲೆ ಭಾರತೀಯ ನ್ಯಾಯ ಸಂಹಿತೆಯ 281 (ಅಜಾಗರೂಕ ಚಾಲನೆ), 125 (ಗಾಯ), ಸಾವು ಸಂಭವಿಸಿದರೆ 106ನೇ ಕಲಂಗಳ ಪ್ರಕಾರ ಮೊಕದ್ದಮೆ ನಡೆಯುತ್ತದೆ. ಅದು ಶಿಕ್ಷೆಯ ಕೇಸು, ಪರಿಹಾರದ ಕೇಸೇ ಬೇರೆ. ಕ್ರಿಮಿನಲ್ ಕೇಸಿನಲ್ಲಿ ಚಾಲಕ ಬಿಡುಗಡೆಯಾದ ಮಾತ್ರಕ್ಕೆ ಪರಿಹಾರ ತಪ್ಪಿ ಹೋಗುವುದಿಲ್ಲ.

ಪರಿಹಾರಕ್ಕೆ ಮೂರು ದಾರಿ

ಒಂದು: ತಪ್ಪು ಯಾರದೆಂದು ಸಾಬೀತುಪಡಿಸದೆ ಸಿಗುವ ಪರಿಹಾರ. ಕಾಯಿದೆಯ 164ನೇ ಕಲಮಿನಂತೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ. 'ನೀವು ಝೀಬ್ರಾ ಗೆರೆ ಬಿಟ್ಟು ದಾಟಿದ್ದು' ಎಂಬ ವಾದ ಇಲ್ಲಿ ನಡೆಯುವುದಿಲ್ಲ.

ಎರಡು: 166ನೇ ಕಲಮಿನ ಪೂರ್ಣ ಪರಿಹಾರ. ಇಲ್ಲಿ ಚಾಲಕನ ಅಜಾಗರೂಕತೆ ತೋರಿಸಬೇಕು. ಮೊತ್ತಕ್ಕೆ ಮೇಲ್ಮಿತಿ ಇಲ್ಲ. ಪಾದಚಾರಿಯದ್ದೂ ತಪ್ಪಿದೆ ಎಂದು ಕಂಡರೆ ನ್ಯಾಯಮಂಡಳಿ ಶೇಕಡಾವಾರು ಕಡಿತ ಮಾಡಬಹುದು, ಆದರೆ ಅಷ್ಟಕ್ಕೇ ಅರ್ಜಿ ಬಿದ್ದು ಹೋಗದು.

ಮೂರು: ಬಡಿದು ಪರಾರಿಯಾದ ವಾಹನ ಪತ್ತೆಯೇ ಆಗದಿದ್ದರೆ 161ನೇ ಕಲಂ. 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ. ಮೊದಲು ಇದು 25 ಸಾವಿರ ಮತ್ತು 12,500 ಇತ್ತು. ಇದಕ್ಕೆ ಕೋರ್ಟಿಗೆ ಹೋಗಬೇಕಾಗಿಲ್ಲ. ಅಪಘಾತ ನಡೆದ ತಾಲೂಕಿನ ಕಂದಾಯ ಅಧಿಕಾರಿಗೆ, ಅಂದರೆ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರಿಗೆ ಅರ್ಜಿ ಕೊಡಬೇಕು. ಮಂಜೂರು ಮಾಡುವುದು ಜಿಲ್ಲಾಧಿಕಾರಿ. ಮುಂದೆ ವಾಹನ ಸಿಕ್ಕಿ ಬೇರೆ ಪರಿಹಾರ ಬಂದರೆ ಈ ಹಣವನ್ನು ಹಿಂತಿರುಗಿಸಬೇಕು.

ಕಾಸರಗೋಡಿನಲ್ಲೋ, ಮಂಗಳೂರಿನಲ್ಲೋ?

166ನೇ ಕಲಂ ಅರ್ಜಿದಾರರಿಗೆ ಆಯ್ಕೆ ಕೊಟ್ಟಿದೆ. ಅಪಘಾತ ನಡೆದ ಸ್ಥಳ, ಅರ್ಜಿದಾರರು ವಾಸಿಸುವ ಅಥವಾ ವ್ಯವಹಾರ ನಡೆಸುವ ಸ್ಥಳ, ಎದುರುದಾರರು ವಾಸಿಸುವ ಸ್ಥಳ, ಈ ಮೂರರಲ್ಲಿ ಎಲ್ಲಿನ ನ್ಯಾಯಮಂಡಳಿಯಾದರೂ ಆದೀತು. ಪೆರ್ಲದ ಹೆಂಗಸಿಗೆ ಮಂಗಳೂರಿನಲ್ಲಿ ಬಸ್ಸು ಬಡಿದರೆ ಆಕೆ ಕಾಸರಗೋಡಿನಲ್ಲೇ ಅರ್ಜಿ ಹಾಕಬಹುದು. ಇದು ದೇಶಕ್ಕೆಲ್ಲ ಒಂದೇ ಕಾನೂನು. ತಾಳವಾಡಿಯವರಿಗೆ ಚಾಮರಾಜನಗರದಲ್ಲಿ, ಅಕ್ಕಲಕೋಟೆಯವರಿಗೆ ಕಲಬುರಗಿಯಲ್ಲಿ ಅಪಘಾತವಾದರೂ ಇದೇ ಮಾತು. ಎರಡೂ ಕಡೆ ಅರ್ಜಿ ಹಾಕಿ ಗೊಂದಲ ಮಾಡಿಕೊಳ್ಳಬಾರದು.

ಗಾಡಿಯ ನೋಂದಣಿ ಯಾವ ರಾಜ್ಯದ್ದೆಂಬುದೂ ಮುಖ್ಯವಲ್ಲ. ಥರ್ಡ್ ಪಾರ್ಟಿ ವಿಮೆ ದೇಶವಿಡೀ ಅನ್ವಯ. ಸಾರಿಗೆ ನಿಗಮದ ಬಸ್ಸಾದರೆ ನಿಗಮವನ್ನೇ ಎದುರುದಾರರಾಗಿ ಮಾಡಬೇಕು. ವಿಮೆಯೇ ಇಲ್ಲದಿದ್ದರೆ ಹೊಣೆ ಮಾಲಕನದ್ದು ಮತ್ತು ಚಾಲಕನದ್ದು.

ಅವಧಿಯ ಬಗ್ಗೆ ಎಚ್ಚರ ಬೇಕು. ತಿದ್ದುಪಡಿಯಾದ ಕಾಯಿದೆ ಅರ್ಜಿಗೆ ಆರು ತಿಂಗಳ ಗಡುವು ಹಾಕಿದೆ. ಗಡುವು ಮೀರಿದೆ ಎಂಬ ಒಂದೇ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ಕೊಟ್ಟಿತು. ಅದು ಮಧ್ಯಂತರ ಆದೇಶ ಮಾತ್ರ, ಅದನ್ನೇ ನಂಬಿ ಕೂರುವುದು ಬುದ್ಧಿವಂತಿಕೆಯಲ್ಲ. ಆರು ತಿಂಗಳೊಳಗೆ ಅರ್ಜಿ ಹಾಕುವುದೇ ಕ್ಷೇಮ.

ಲೆಕ್ಕ ಹೇಗೆ?

ಆಸ್ಪತ್ರೆ ಬಿಲ್ಲು, ಓಡಾಟದ ಖರ್ಚು, ನೋಡಿಕೊಂಡವರ ಖರ್ಚು, ಕೆಲಸ ತಪ್ಪಿದ ದಿನಗಳ ಮಜೂರಿ, ನೋವು, ಮುಂದಿನ ಚಿಕಿತ್ಸೆ ಎಲ್ಲವನ್ನೂ ಕೇಳಬಹುದು. ಮಂಗಳೂರಿಗೆ ಹೋಗಿ ಬಂದ ಕಾರು ಬಾಡಿಗೆಯೂ ಇದರಲ್ಲಿ ಸೇರುತ್ತದೆ. ಶಾಶ್ವತ ಊನ ಉಳಿದರೆ ಮುಂದಿನ ಸಂಪಾದನೆಯ ನಷ್ಟವೇ ದೊಡ್ಡ ಮೊತ್ತ.

ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಇಲ್ಲಿ ಗಮನಿಸಬೇಕು. ಡಾಕ್ಟರು ಬರೆದ ಊನದ ಶೇಕಡಾವಾರು ಬೇರೆ, ಅದರಿಂದ ಆ ವ್ಯಕ್ತಿಯ ದುಡಿಮೆಗೆ ಆದ ನಷ್ಟ ಬೇರೆ. ಒಂದು ಉದಾಹರಣೆ ನೋಡೋಣ. ಅಡಿಕೆ ಮರ ಹತ್ತಿ ಕೊಯ್ಯುವ 38 ವರ್ಷದ ಒಬ್ಬರ ತಿಂಗಳ ಸಂಪಾದನೆ 15 ಸಾವಿರ ಎಂದಿಟ್ಟುಕೊಳ್ಳಿ. 40 ವರ್ಷದೊಳಗಿನ ಸ್ವಂತ ದುಡಿಮೆಯವರಿಗೆ ಮುಂದಿನ ಏರಿಕೆಗೆಂದು ಶೇ. 40 ಸೇರಿಸಿದರೆ 21 ಸಾವಿರ, ವರ್ಷಕ್ಕೆ 2.52 ಲಕ್ಷ. ಈ ವಯಸ್ಸಿಗೆ ಗುಣಕ 15. ಗುಣಿಸಿದರೆ 37.80 ಲಕ್ಷ. ಮೊಣಕಾಲಿನ ಊನ ಶೇ. 20 ಎಂದಷ್ಟೇ ಹಿಡಿದರೆ ಸಿಗುವುದು 7.56 ಲಕ್ಷ. ಅದೇ ಕಾಲಿನಿಂದ ಅವರಿಗೆ ಇನ್ನು ಮರ ಹತ್ತಲಾಗದು, ದುಡಿಮೆಯ ನಷ್ಟ ಶೇ. 60 ಎಂದು ನ್ಯಾಯಮಂಡಳಿ ಒಪ್ಪಿದರೆ 22.68 ಲಕ್ಷ. ಹಾಗಾಗಿ ಮಾಡುತ್ತಿದ್ದ ಕೆಲಸ ಯಾವುದೆಂಬುದಕ್ಕೆ ಸಾಕ್ಷಿ ಬೇಕು. ಕೆಲಸ ಕೊಡುತ್ತಿದ್ದ ತೋಟದವರ ಹೇಳಿಕೆ, ಬೀಡಿ ಕಾರ್ಮಿಕರಾದರೆ ಗುರುತಿನ ಕಾರ್ಡು, ಬ್ಯಾಂಕ್ ಪಾಸ್ ಪುಸ್ತಕ ಉಪಯೋಗಕ್ಕೆ ಬರುತ್ತವೆ.

'ನಾನು ಮನೆಯಲ್ಲೇ ಇರುವವಳು, ನನಗೆಂತ ಸಂಪಾದನೆ?' ಎಂದು ಗೃಹಿಣಿಯರು ಸುಮ್ಮನಿರಬೇಕಾಗಿಲ್ಲ. ಮನೆಗೆಲಸಕ್ಕೂ ಆದಾಯದ ಬೆಲೆ ಕಟ್ಟಬೇಕೆಂದು ಸುಪ್ರೀಂ ಕೋರ್ಟ್ 2021ರ ಜನವರಿಯಲ್ಲಿ ಕೀರ್ತಿ ಪ್ರಕರಣದ ತೀರ್ಪಿನಲ್ಲಿ ಮತ್ತೆ ಸ್ಪಷ್ಟಪಡಿಸಿದೆ.

ರಾಜಿಗೆ ಮುನ್ನ

ಗಡಿನಾಡಿನಲ್ಲಿ ಗಾಡಿಯವರು ಹಲವು ಬಾರಿ ಗುರುತಿನವರೇ. 'ಪಾಪ, ನಮ್ಮೂರಿನ ಹುಡುಗ, ಅವನ ಮೇಲೆ ಕೇಸು ಹೇಗೆ ಹಾಕುವುದು?' ಎಂಬ ದಾಕ್ಷಿಣ್ಯ ಸಹಜ. ಆದರೆ ಗಾಡಿಗೆ ವಿಮೆ ಇದ್ದು ಚಾಲಕನಿಗೆ ಸರಿಯಾದ ಲೈಸೆನ್ಸ್ ಇದ್ದರೆ ಪರಿಹಾರ ಕೊಡುವುದು ವಿಮಾ ಕಂಪನಿ, ಆ ಹುಡುಗನಲ್ಲ. ಪ್ರೀಮಿಯಂ ಕಟ್ಟಿದ್ದೇ ಇದಕ್ಕಾಗಿ. ಲೈಸೆನ್ಸ್ ಇಲ್ಲದಿದ್ದರೆ ಕಂಪನಿ ಆ ಹಣವನ್ನು ಮಾಲಕನಿಂದ ವಸೂಲು ಮಾಡುವ ಸಾಧ್ಯತೆ ಇದೆ ಎಂಬುದೂ ನಿಜ. ಏನೇ ಇರಲಿ, ಎಲುಬು ಕೂಡುವ ಮೊದಲು, ಊನ ಎಷ್ಟೆಂದು ಡಾಕ್ಟರು ಹೇಳುವ ಮೊದಲು ಯಾವ ಮೊತ್ತಕ್ಕೂ ಒಪ್ಪಬಾರದು. ರಾಜಿಯೇ ಆಗಬೇಕಾದರೆ ಲೋಕ ಅದಾಲತ್‌ನಲ್ಲಿ ಆಗಲಿ. ಅಲ್ಲಿಯ ಒಪ್ಪಂದಕ್ಕೆ ಕೋರ್ಟಿನ ತೀರ್ಪಿನ ಬಲವಿದೆ.

ವಕೀಲರ ಖರ್ಚಿಗೆ ಹೆದರುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಪರಿಹಾರದಲ್ಲಿ ಇಂತಿಷ್ಟು ಪಾಲು ಕೊಡಬೇಕು ಎಂದು ವಕೀಲರು ಕರಾರು ಮಾಡಿಕೊಳ್ಳುವುದು ಅವರ ವೃತ್ತಿ ನಿಯಮಕ್ಕೇ ವಿರುದ್ಧ. ಆಸ್ಪತ್ರೆಯ ವರಾಂಡದಲ್ಲಿ ಸಿಗುವ ದಲ್ಲಾಳಿಗಳನ್ನಂತೂ ದೂರ ಇಡಬೇಕು.

ತೆಗೆದಿಡಬೇಕಾದ ಕಾಗದಗಳು

* ಎಫ್‌ಐಆರ್, ಸ್ಥಳ ಮಹಜರು, ದೋಷಾರೋಪ ಪಟ್ಟಿಯ ಪ್ರತಿ
* ವಾಹನದ ನಂಬರು, ಸಾಧ್ಯವಾದರೆ ಸ್ಥಳದ ಫೋಟೊ. ಹತ್ತಿರದ ಅಂಗಡಿಯ ಸಿಸಿಟಿವಿ ದೃಶ್ಯ ಅಳಿಸಿ ಹೋಗುವ ಮೊದಲೇ ಪೊಲೀಸರಿಗೆ ತಿಳಿಸಿ
* ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ, ಸ್ಕ್ಯಾನ್
* ಔಷಧಿ, ಆಂಬುಲೆನ್ಸ್, ಬಾಡಿಗೆ ವಾಹನದ ಮೂಲ ಬಿಲ್ಲುಗಳು
* ವಯಸ್ಸು, ವಿಳಾಸ, ಸಂಪಾದನೆಯ ದಾಖಲೆ. ಊನ ಉಳಿದರೆ ಮೆಡಿಕಲ್ ಬೋರ್ಡಿನ ಸರ್ಟಿಫಿಕೇಟು
* ಮೃತಪಟ್ಟಿದ್ದರೆ ಮರಣೋತ್ತರ ಪರೀಕ್ಷೆಯ ವರದಿ, ಮರಣ ಮತ್ತು ವಾರಸುದಾರಿಕೆಯ ಪ್ರಮಾಣಪತ್ರ

ಇವನ್ನೆಲ್ಲ ಒಂದೇ ಚೀಲದಲ್ಲಿ ಹಾಕಿಡಿ. ಕೇಳಿದವರಿಗೆ ಜೆರಾಕ್ಸ್ ಕೊಡಿ, ಮೂಲ ಪ್ರತಿ ನಿಮ್ಮ ಕೈಯಲ್ಲೇ ಇರಲಿ.