ಹಿತ್ತಿಲ ಬಾಳೆ ಯಾವ ತಳಿ? ಗೊನೆ ಬರುವ ಮೊದಲೇ ಗುರುತಿಸಿ

ಉಮರ್ಗಾ: ಉಮರ್ಗಾ, ನಿಲಂಗಾ, ಉದಗೀರ ತಾಲ್ಲೂಕಿನ ಹಳ್ಳಿಗಳಲ್ಲಿ ಬಚ್ಚಲ ನೀರು ಹರಿಯುವ ಕಡೆ ಒಂದೆರಡು ಬಾಳೆ ಗಿಡ ಇರುವುದು ಸಾಮಾನ್ಯ. ಕಂದು (ಮರಾಠಿಯ ಮುನವಾ) ಬೀಗರ ಮನೆಯಿಂದಲೋ ನೆರೆಯವರಿಂದಲೋ ಬಂದಿರುತ್ತದೆ. ಯಾವ ತಳಿ ಎಂದು ಕೇಳಿದರೆ ಹೇಳುವವರಿಲ್ಲ. ವರ್ಷ ಕಾದ ಮೇಲೆ, ಏಲಕ್ಕಿ ಎಂದುಕೊಂಡದ್ದು ಪಲ್ಯದ ಬಾಳೆ ಆಗಿರುತ್ತದೆ. 2016ರ ಬೇಸಿಗೆಯಲ್ಲಿ ಮೀರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಇಂಥ ಸೀಮೆಯಲ್ಲಿ ಬೇಡದ ಗಿಡಕ್ಕೆ ವರ್ಷವಿಡೀ ನೀರುಣಿಸುವುದು ಸಣ್ಣ ನಷ್ಟವಲ್ಲ.

ಮೂರು ಗುರುತು

ನಾವು ತಿನ್ನುವ ಬಹುಪಾಲು ಬಾಳೆಗಳು ಎರಡು ಕಾಡುಬಾಳೆಗಳ ಸಂತತಿ. ಮ್ಯೂಸಾ ಅಕ್ಯುಮಿನಾಟಾ ಎಂಬುದಕ್ಕೆ 'ಎ', ಮ್ಯೂಸಾ ಬಾಲ್ಬಿಸಿಯಾನಾ ಎಂಬುದಕ್ಕೆ 'ಬಿ' ಎಂಬ ಗುರುತು. 1955ರಲ್ಲಿ ಸಿಮಂಡ್ಸ್ ಮತ್ತು ಶೆಫರ್ಡ್ ಎಂಬ ವಿಜ್ಞಾನಿಗಳು 15 ಲಕ್ಷಣಗಳಿಗೆ ಅಂಕ ಕೊಟ್ಟು ತಳಿಯ ಗುಂಪು ಗುರುತಿಸುವ ಕ್ರಮ ತಂದರು. ಅವುಗಳಲ್ಲಿ ಮೂರನ್ನು ಯಾರೂ ನೋಡಬಹುದು.

ಕಾಂಡ: 'ಎ' ಪಾಲು ಹೆಚ್ಚಿದ್ದರೆ ಕಪ್ಪು, ಕಂದು ಮಚ್ಚೆ ದಟ್ಟ. 'ಬಿ' ಹೆಚ್ಚಿದ್ದರೆ ಮಚ್ಚೆ ಕಡಿಮೆ ಅಥವಾ ಇಲ್ಲ.

ಎಲೆಯ ತೊಟ್ಟು: ಮೇಲ್ಭಾಗದ ಕಾಲುವೆ ತೆರೆದಿದ್ದರೆ 'ಎ'. ಅಂಚುಗಳು ಒಳಕ್ಕೆ ಮಡಚಿ ಮುಚ್ಚಿದಂತಿದ್ದರೆ 'ಬಿ'.

ಹೂವಿನ ಮೂತಿ (ಕೇಳಫೂಲ): ಎದ್ದ ಪಕಳೆ ಹಿಂದಕ್ಕೆ ಸುರುಳಿ ಸುತ್ತಿದರೆ 'ಎ'. ಸುತ್ತದೆ ಹಾಗೇ ನಿಂತರೆ 'ಬಿ'.

ಮೊದಲೆರಡನ್ನು ಗೊನೆ ಬರುವ ಮೊದಲೇ ನೋಡಬಹುದು.

ನಮ್ಮ ಭಾಗದ ತಳಿಗಳು

ಬಸರಾಯಿ, ಅರ್ಧಾಪುರಿ, ಜಿ-9: ಮೂರೂ ಎಎಎ ಗುಂಪು, ಕನ್ನಡದ ಪಚ್ಚಬಾಳೆಯ ಬಳಗ. ಅರ್ಧಾಪುರಿಗೆ ನಾಂದೇಡ ಜಿಲ್ಲೆಯ ಅರ್ಧಾಪುರದಿಂದಲೇ ಹೆಸರು. ಕಾಂಡದ ತುಂಬ ಮಚ್ಚೆ. ಬಸರಾಯಿ ಗಿಡ್ಡ, ಜಿ-9 ಅದಕ್ಕಿಂತ ಎತ್ತರ. ಬಿಸಿಲಿನ ದಿನಗಳಲ್ಲಿ ಹಣ್ಣಾದರೂ ಸಿಪ್ಪೆಯ ಹಸಿರು ಪೂರ್ತಿ ಹೋಗುವುದಿಲ್ಲ.

ಏಲಕ್ಕಿ: ಮರಾಠಿಯ ಸಫೇದ ವೇಲಚಿ ಇದೇ. ಎಬಿ ಗುಂಪು. ತೆಳ್ಳನೆಯ ಕಾಂಡ, ಸಣ್ಣ ಕಾಯಿ, ತೆಳು ಸಿಪ್ಪೆ.

ರಸಬಾಳೆ: ಎಎಬಿ. ಹಳದಿ ಬೆರೆತ ಹಸಿರು ಕಾಂಡ, ತೊಟ್ಟಿನ ಅಂಚು ಕೆಂಪು.

ಕೆಂಪು ಬಾಳೆ: ಮರಾಠಿಯ ಲಾಲ ಕೇಳ. ಕಾಂಡ, ತೊಟ್ಟು, ಎಲೆಯ ನಡುನರ ಎಲ್ಲ ಕೆಂಪು. ಕಲಬುರಗಿ ಜಿಲ್ಲೆಯ ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಿಕೆ ಮಾನ್ಯತೆ ಇದೆ. ಗೊನೆಗೆ ಸುಮಾರು ಒಂದೂವರೆ ವರ್ಷ ಕಾಯಬೇಕು.

ಪಲ್ಯದ ಬೂದುಬಾಳೆ: ಎಬಿಬಿ. ಮಚ್ಚೆಯಿಲ್ಲದ ಹಸಿರು ಕಾಂಡ, ಮೂಲೆಗಳೆದ್ದ ದಪ್ಪ ಕಾಯಿ, ಮೇಲೆ ಬೂದಿಯಂಥ ಪುಡಿ. 'ಬಿ' ಪಾಲು ಹೆಚ್ಚಿದ್ದಷ್ಟೂ ಬರ ತಡೆಯುವ ಗುಣ ಹೆಚ್ಚು. ನೀರು ಕಡಿಮೆ ಇರುವ ಮನೆಗೆ ಇದೇ ಒಳ್ಳೆಯದು.

ಕಂದು ತರುವ ಮುನ್ನ

ಕಂದಿನ ಎಲೆ ನೋಡಿ ತಳಿ ನಿರ್ಧರಿಸಬಾರದು. ತಾಯಿ ಗಿಡವನ್ನೇ ನೋಡಬೇಕು. ಅಗಲ ಎಲೆಯ ನೀರುಗಂದು ಬಿಟ್ಟು, ಕತ್ತಿಯಂತೆ ಕಿರಿದಾದ ಎಲೆಯ ಗಟ್ಟಿ ಕಂದು ಆರಿಸಬೇಕು.

ತಳಿ ತಿಳಿದರೆ ರೋಗದ ಭಯವೂ ತಿಳಿಯುತ್ತದೆ. ಹೆಸರಾಂತ ನಂಜನಗೂಡು ರಸಬಾಳೆಯನ್ನು ಪನಾಮಾ ಸೊರಗು ರೋಗ ಅಳಿವಿನ ಅಂಚಿಗೆ ತಂದಿತು. ಏಲಕ್ಕಿಗೂ ಇದು ತಗಲುತ್ತದೆ. ಕೆಳಗಿನ ಎಲೆ ಮೊದಲು ಹಳದಿಯಾಗಿ ಕಾಂಡದ ಸುತ್ತ ಜೋತುಬಿದ್ದಿದ್ದರೆ, ಗಡ್ಡೆ ಕೊಯ್ದಾಗ ಕೆಂಗಂದು ಗೆರೆ ಕಂಡರೆ, ಆ ಹಿತ್ತಿಲಿನಿಂದ ಕಂದು ಮಾತ್ರವಲ್ಲ, ಮಣ್ಣನ್ನೂ ತರಬಾರದು. ಈ ರೋಗ ಮಣ್ಣಿನಲ್ಲಿ ಹಲವು ವರ್ಷ ಉಳಿಯುತ್ತದೆ.