ಅರ್ಧಕ್ಕೆ ನಿಂತ ಪ್ರಯೋಗ ಕಲಿಸಿದ್ದು

2021ರ ಮೇ 8ರಂದು ಬೆಂಗಳೂರಿನಲ್ಲಿ 83 ಯುವತಿಯರು ತರಬೇತಿ ಮುಗಿಸಿ ಸೇನಾ ಪೊಲೀಸ್ ದಳದ ಮೊದಲ ಮಹಿಳಾ ಸೈನಿಕರಾದರು. ಚಿಂತಾಮಣಿ, ಗೌರಿಬಿದನೂರು ಕಡೆಯ ಹುಡುಗಿಯರಿಗೂ ಈಗ ಆ ದಾರಿ ತೆರೆದಿದೆ. ಹದಿನೇಳೂವರೆ ತುಂಬಿದರೆ ಅಗ್ನಿವೀರರಾಗಲು ಅರ್ಜಿ ಹಾಕಬಹುದು. ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಗೂ ಆ ವಯಸ್ಸು ತಡವಲ್ಲ. 2022ರ ಅಂದಾಜಿನಂತೆ ಈ ರೋಗ ಒಂದೇ ವರ್ಷದಲ್ಲಿ ದೇಶದ ಸುಮಾರು 80 ಸಾವಿರ ಹೆಂಗಸರನ್ನು ಬಲಿ ಪಡೆದಿದೆ.

ಜರ್ಮನಿಯ ಹೆರಾಲ್ಡ್ ಝುರ್ ಹೌಸೆನ್ 1983ರಲ್ಲಿ ಈ ಕ್ಯಾನ್ಸರಿನ ಗಡ್ಡೆಯಲ್ಲಿ ಎಚ್‌ಪಿವಿ ವೈರಾಣುವಿನ 16ನೇ ಬಗೆಯನ್ನು ಪತ್ತೆಹಚ್ಚಿದರು. 2006ರಲ್ಲಿ ಲಸಿಕೆ ಬಂತು. ಆಗ ಆರು ತಿಂಗಳಲ್ಲಿ ಮೂರು ಚುಚ್ಚುಮದ್ದು ಬೇಕಿತ್ತು. ಊರೂರು ವರ್ಗವಾಗುವ ಸೈನಿಕರಿಗೆ ಇದನ್ನು ಪೂರೈಸುವುದು ಸುಲಭವಲ್ಲ.

ಮೂರು ಡೋಸು ಒಂದಾದ ಕಥೆ ನಮ್ಮ ದೇಶದ್ದೇ. ಎರಡು ಡೋಸು ಸಾಕೇ ಎಂದು ನೋಡಲು 2009ರಲ್ಲಿ ಇಲ್ಲಿ 10ರಿಂದ 18 ವಯಸ್ಸಿನ ಹುಡುಗಿಯರ ಮೇಲೆ ದೊಡ್ಡ ಅಧ್ಯಯನ ಶುರುವಾಯಿತು. ಅದೇ ಹೊತ್ತಿಗೆ ಆಂಧ್ರ ಮತ್ತು ಗುಜರಾತಿನಲ್ಲಿ ನಡೆಯುತ್ತಿದ್ದ ಬೇರೊಂದು ಲಸಿಕಾ ಯೋಜನೆಯಲ್ಲಿ ಕೆಲವು ಹುಡುಗಿಯರು ತೀರಿಕೊಂಡರು. ಲಸಿಕೆಯೇ ಕಾರಣವೆಂದು ತನಿಖೆಯಲ್ಲಿ ಕಂಡುಬರಲಿಲ್ಲ. ಆದರೆ ಹಾಸ್ಟೆಲ್ ಹುಡುಗಿಯರ ಒಪ್ಪಿಗೆ ಪತ್ರಕ್ಕೆ ಹೆತ್ತವರ ಬದಲು ವಾರ್ಡನ್‌ಗಳು ಸಹಿ ಹಾಕಿದ್ದು ಬಯಲಾಯಿತು. 2010ರ ಏಪ್ರಿಲ್‌ನಲ್ಲಿ ಸರ್ಕಾರ ಈ ಲಸಿಕೆಯ ಎಲ್ಲ ಅಧ್ಯಯನಗಳಲ್ಲೂ ಚುಚ್ಚುವುದನ್ನು ನಿಲ್ಲಿಸಿತು. ಹೀಗಾಗಿ ಡೋಸುಗಳ ಅಧ್ಯಯನದಲ್ಲಿ ಒಂದೇ ಡೋಸು ಪಡೆದು ಉಳಿದ ಸುಮಾರು ಐದು ಸಾವಿರ ಹುಡುಗಿಯರನ್ನು ಸಂಶೋಧಕರು ಕೈಬಿಡದೆ ಹತ್ತು ವರ್ಷ ಗಮನಿಸಿದರು. ವೈರಾಣುವಿನ 16 ಮತ್ತು 18ನೇ ಬಗೆಗಳು ದೇಹದಲ್ಲಿ ಬೇರೂರದಂತೆ ಆ ಒಂದು ಡೋಸು ಶೇ 95ರಷ್ಟು ರಕ್ಷಣೆ ಕೊಟ್ಟಿತ್ತು. 2021ರಲ್ಲಿ ಇದು ಪ್ರಕಟವಾಯಿತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ, 20 ವರ್ಷದವರೆಗಿನವರಿಗೆ ಒಂದು ಡೋಸೂ ಸಾಕಾಗಬಹುದು ಎಂದಿತು. ಪುಣೆಯ ಸೀರಮ್ ಸಂಸ್ಥೆಯ ‘ಸರ್ವಾವ್ಯಾಕ್’ ಲಸಿಕೆ ಕೂಡ ಆಗಲೇ ಅನುಮತಿ ಪಡೆಯಿತು.

ನನ್ನನ್ನು ಹೆಚ್ಚು ಕಾಡುವುದು ವಾರ್ಡನ್ ಸಹಿ. ಸೇನೆಯಲ್ಲಿ ಮೇಲಿನವರ ಮಾತೇ ಆಜ್ಞೆ. ಸಾಲಾಗಿ ನಿಲ್ಲಿಸಿ ಚುಚ್ಚಿಬಿಡುವುದು ಬಲು ಸುಲಭ. ಹಾಗಾಗಬಾರದು. ತರಬೇತಿಗೆ ಬಂದ ಹುಡುಗಿಯನ್ನು ವೈದ್ಯೆಯೊಬ್ಬರು ಕೂರಿಸಿಕೊಂಡು, ಅವಳ ಭಾಷೆಯಲ್ಲಿ ವಿವರಿಸಿ, ಬೇಡವೆನ್ನಲೂ ಬಿಡಬೇಕು. ಇದಕ್ಕಿಂತ ಒಳ್ಳೆಯದು, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಶಾಲೆಗಳಲ್ಲಿರುವಾಗಲೇ, 9ರಿಂದ 14ರ ನಡುವೆ, ಅಮ್ಮ ಅಪ್ಪ ಪಕ್ಕದಲ್ಲಿದ್ದು ಕೊಡಿಸುವುದು. ಹುಡುಗರನ್ನೂ ಮರೆಯುವಂತಿಲ್ಲ, ಗಂಟಲಿನ ಕೆಲವು ಕ್ಯಾನ್ಸರುಗಳಿಗೂ ಇದೇ ವೈರಾಣು ಕಾರಣ.